ನಾಲ್ಕು ಕಡೆ ಹೊಲ, ಒಂದೇ ಜೋಡಿ ಎತ್ತು

ಇಲ್ಲಿ ಕೂತವರಲ್ಲಿ ಡಿಟಿಪಿ ಅಂಗಡಿಯವರಿದ್ದೀರಿ, ಫೋಟೊ ಸ್ಟುಡಿಯೊದವರಿದ್ದೀರಿ, ಶಾಲೆಯ ಕಂಪ್ಯೂಟರ್ ಕೋಣೆ ನೋಡಿಕೊಳ್ಳುವ ಮೇಷ್ಟ್ರುಗಳಿದ್ದೀರಿ. ನಿಮ್ಮೆಲ್ಲರಿಂದ ನಾನು ಕೇಳುವ ದೂರು ಒಂದೇ. "ಸಾರ್, ಕಂಪ್ಯೂಟರ್ ತಂದಾಗ ಚೆನ್ನಾಗಿತ್ತು. ಈಗ ತುಂಬಾ ಸ್ಲೋ ಆಗಿದೆ." ಅದರ ಹಿಂದೆಯೇ ಇನ್ನೊಂದು ಮಾತು ಬರುತ್ತದೆ. "ಡಿಫ್ರಾಗ್ ಮಾಡಿದರೆ ಸರಿ ಹೋಗುತ್ತಂತೆ, ಹೌದಾ?"

ಉತ್ತರ ಹೇಳುವ ಮೊದಲು ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಕಂಪ್ಯೂಟರ್ ಒಳಗೆ ಇರುವುದು ತಿರುಗುವ ತಟ್ಟೆಯೋ, ತಿರುಗದ ಚಿಪ್‌ಗಳೋ? ತಟ್ಟೆ ಇದ್ದರೆ ಅದು ಹಾರ್ಡ್ ಡಿಸ್ಕ್. ಚಿಪ್‌ಗಳಿದ್ದರೆ ಅದು ಎಸ್‌ಎಸ್‌ಡಿ. ಇವತ್ತಿನ ನನ್ನ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ. ಒಂದಕ್ಕೆ ಔಷಧಿ ಆಗುವುದು ಇನ್ನೊಂದಕ್ಕೆ ಬರೀ ಸವಕಲು.

ಮೊದಲು ತಟ್ಟೆಯ ಕಥೆ. ಕೆಟ್ಟುಹೋದ ಹಾರ್ಡ್ ಡಿಸ್ಕ್ ಒಂದನ್ನು ಬಿಚ್ಚಿ ತಂದಿದ್ದೇನೆ, ಒಬ್ಬರಿಂದ ಒಬ್ಬರಿಗೆ ದಾಟಿಸಿ ನೋಡಿ. ಕನ್ನಡಿಯಂಥ ತಟ್ಟೆ ಕಾಣುತ್ತದೆ. ಅದರ ಮೇಲೆ ಸಣ್ಣ ತೋಳು. ತೋಳಿನ ತುದಿಯಲ್ಲಿ ಇರುವೆಯಷ್ಟು ದೊಡ್ಡ ಹೆಡ್. ಓದುವುದೂ ಅದೇ, ಬರೆಯುವುದೂ ಅದೇ. ತಟ್ಟೆ ತಿರುಗುವಾಗ ಹೆಡ್ ಅದಕ್ಕೆ ತಾಗುವುದಿಲ್ಲ. ಕೆಲವೇ ನ್ಯಾನೋಮೀಟರ್ ಮೇಲೆ ಗಾಳಿಯಲ್ಲಿ ತೇಲುತ್ತದೆ. ನಮ್ಮ ಕೂದಲು ಎಷ್ಟು ದಪ್ಪ ಇದೆಯೋ, ಅದರ ಸಾವಿರದ ಒಂದು ಭಾಗಕ್ಕಿಂತ ಕಮ್ಮಿ ಅಂತರ ಅದು. ಓಡುತ್ತಿರುವ ಸಿಪಿಯು ಡಬ್ಬವನ್ನು ಕಾಲಲ್ಲಿ ಒದೆಯಬೇಡಿ ಅಂತ ನಾನು ಪದೇ ಪದೇ ಹೇಳುವುದು ಇದಕ್ಕೇ.

ಈಗ ಊರಿನ ಒಂದು ಸಂಗತಿ ಹೇಳುತ್ತೇನೆ. ಒಬ್ಬ ರೈತನಿಗೆ ನಾಲ್ಕು ಎಕರೆ ಇದೆ ಅಂದುಕೊಳ್ಳಿ. ನಾಲ್ಕೂ ಒಂದೇ ಕಡೆ ಇದ್ದರೆ ಬೆಳಿಗ್ಗೆ ಎತ್ತು ಕಟ್ಟಿದವನು ಸಂಜೆ ತನಕ ಉಳುತ್ತಲೇ ಹೋಗಬಹುದು. ಆದರೆ ಅಣ್ಣತಮ್ಮಂದಿರ ಪಾಲಾಗಿ, ಅಲ್ಲೊಂದು ಇಲ್ಲೊಂದು ಕೊಂಡು ಮಾರಿ, ಒಂದು ಎಕರೆ ಕೆರೆ ಕೆಳಗೆ, ಒಂದು ಗುಡ್ಡದ ಪಕ್ಕ, ಒಂದು ಊರಾಚೆ ಅಂತ ಆಗಿದ್ದರೆ? ಹೊಲ ಅಷ್ಟೇ, ಎತ್ತು ಅವೇ. ಅರ್ಧ ದಿನ ನಡೆಯುವುದರಲ್ಲೇ ಹೋಗುತ್ತದೆ. ತುಂಡು ಹಿಡುವಳಿಯ ಕಷ್ಟ ಇಲ್ಲಿ ಎಷ್ಟು ಜನಕ್ಕೆ ಗೊತ್ತು ಅಂತ ನಾನು ಕೇಳಲೇಬೇಕಾಗಿಲ್ಲ. ಹಾರ್ಡ್ ಡಿಸ್ಕ್‌ನಲ್ಲಿ ಆ ಎತ್ತಿನ ಜೋಡಿಯೇ ಹೆಡ್. ತುಂಡಾದ ಹೊಲವೇ ತುಂಡಾದ ಫೈಲ್. ಚೂರುಗಳನ್ನೆಲ್ಲ ಒಂದೇ ಕಡೆ ಸೇರಿಸಿಕೊಡುವ ಕೆಲಸದ ಹೆಸರು ಡಿಫ್ರಾಗ್.

ಯಾವ ಫೈಲ್ ಎಲ್ಲೆಲ್ಲಿದೆ ಅಂತ ಗೊತ್ತಾಗುವುದು ಹೇಗೆ? ಅಲ್ಲೂ ಒಂದು ಪಹಣಿ ಇದೆ. ಹಳೇ ಕಾಲದ ಡಾಸ್ ಮತ್ತು ವಿಂಡೋಸ್ 98ರಲ್ಲಿ ಅದಕ್ಕೆ ಫ್ಯಾಟ್ ಅಂತ ಹೆಸರು, ಫೈಲ್ ಅಲೊಕೇಶನ್ ಟೇಬಲ್. 1993ರಲ್ಲಿ ವಿಂಡೋಸ್ ಎನ್‌ಟಿ ಜೊತೆಗೆ ಎನ್‌ಟಿಎಫ್‌ಎಸ್ ಅನ್ನುವ ಹೊಸ ಫೈಲ್ ವ್ಯವಸ್ಥೆ ಬಂತು. ಅದರಲ್ಲಿ ಈ ದಾಖಲೆಯ ಹೆಸರು ಮಾಸ್ಟರ್ ಫೈಲ್ ಟೇಬಲ್. ಇವತ್ತು ನಿಮ್ಮ ವಿಂಡೋಸ್ ಓಡುತ್ತಿರುವುದೂ ಎನ್‌ಟಿಎಫ್‌ಎಸ್ ಮೇಲೆಯೇ. ಅದು ಜಾಗವನ್ನು ಸಾಮಾನ್ಯವಾಗಿ 4 ಕಿಲೋಬೈಟ್‌ನ ತಾಕುಗಳಾಗಿ ಹಂಚುತ್ತದೆ. ತಾಕಿಗೆ ಕ್ಲಸ್ಟರ್ ಅಂತ ಹೆಸರು.

ತುಂಡಾಗುವುದು ಹೇಗೆ ಅನ್ನುವುದನ್ನು ಡಿಟಿಪಿಯವರ ಕೆಲಸದಲ್ಲೇ ನೋಡೋಣ. ಮದುವೆ ಸೀಸನ್. ಲಗ್ನಪತ್ರಿಕೆಯ ಫೈಲ್ ಮಾಡಿ ಸೇವ್ ಮಾಡಿದಿರಿ. ಅದರ ಪಕ್ಕದಲ್ಲೇ ಇನ್ನೊಬ್ಬರ ಗೃಹಪ್ರವೇಶದ ಕಾರ್ಡ್ ಬಂದು ಕೂತಿತು. ಆಮೇಲೆ ಹುಡುಗನ ಕಡೆಯವರು ಬಂದು "ಗಣಪತಿ ಚಿತ್ರ ದೊಡ್ಡದು ಹಾಕಿ, ಸೋದರಮಾವಂದಿರ ಹೆಸರು ಬಿಟ್ಟುಹೋಗಿದೆ" ಅಂದರು. ಫೈಲ್ ಬೆಳೆಯಿತು. ಪಕ್ಕದ ಜಾಗ ಖಾಲಿ ಇಲ್ಲ. ಬೆಳೆದ ಭಾಗ ಎಲ್ಲೋ ದೂರ ಹೋಗಿ ಕೂತಿತು. ನಾಳೆ ಹಳೇ ಕಾರ್ಡ್‌ಗಳನ್ನು ಡಿಲೀಟ್ ಮಾಡಿದಿರಿ. ಅಲ್ಲಲ್ಲಿ ಸಣ್ಣ ಸಣ್ಣ ಖಾಲಿ ಜಾಗ ಆಯಿತು. ಅದರ ಹಿಂದೆಯೇ ಮದುವೆ ವಿಡಿಯೊದ ದೊಡ್ಡ ಫೈಲ್ ಬಂತು. ಡಿಸ್ಕ್ ಆಗಲೇ ಮುಕ್ಕಾಲು ತುಂಬಿದ್ದರೆ ಒಟ್ಟಿಗೆ ಅಷ್ಟು ಜಾಗ ಸಿಗುವುದಿಲ್ಲ. ಈ ಸಂದಿಯಲ್ಲಿ ಸ್ವಲ್ಪ, ಆ ಸಂದಿಯಲ್ಲಿ ಸ್ವಲ್ಪ ಅಂತ ಹರಡಿಕೊಂಡು ಕೂರುತ್ತದೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಕೆಲಸ ನಡೆಯುವ ಯಂತ್ರದಲ್ಲಿ ಹೀಗಾಗಿಯೇ ಆಗುತ್ತದೆ.

ಇದರಿಂದ ಎಷ್ಟು ಹೊತ್ತು ಹಾಳಾಗುತ್ತದೆ ಅಂತ ಲೆಕ್ಕ ಹಾಕೋಣ. ಬೋರ್ಡ್ ನೋಡಿ. ಸಾಮಾನ್ಯ ಡೆಸ್ಕ್‌ಟಾಪ್ ಡಿಸ್ಕ್ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ 120 ಸುತ್ತು. ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಹೆಡ್ ಬಂದು ನಿಂತಾಗ ಬೇಕಾದ ಜಾಗ ಅದರ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದಕ್ಕೆ 4 ಮಿಲಿಸೆಕೆಂಡ್ ಅಂತ ಇಟ್ಟುಕೊಳ್ಳಿ. ಹೆಡ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯಲು ಸುಮಾರು 9. ಒಟ್ಟು 13 ಮಿಲಿಸೆಕೆಂಡ್. ಕಣ್ಣು ಮಿಟುಕಿಸುವುದಕ್ಕಿಂತ ಕಮ್ಮಿ, ಅಲ್ವಾ?

ಈಗ 100 ಮೆಗಾಬೈಟ್‌ನ ಫೈಲ್ ತೆಗೆದುಕೊಳ್ಳಿ. ಒಂದೇ ಸಾಲಿನಲ್ಲಿದ್ದರೆ, ಸೆಕೆಂಡಿಗೆ 100 ಮೆಗಾಬೈಟ್ ಓದುವ ಡಿಸ್ಕ್ ಅದನ್ನು ಒಂದು ಸೆಕೆಂಡಿನಲ್ಲಿ ಮುಗಿಸುತ್ತದೆ. ಅದೇ ಫೈಲ್ ಸಾವಿರ ಚೂರಾಗಿದ್ದರೆ? ಸಾವಿರ ಸಲ 13 ಮಿಲಿಸೆಕೆಂಡ್. ಓಡಾಟಕ್ಕೇ 13 ಸೆಕೆಂಡ್, ಓದುವುದಕ್ಕೆ ಒಂದು ಸೆಕೆಂಡ್. ಚೂರುಗಳು ಅಕ್ಕಪಕ್ಕದಲ್ಲೇ ಇದ್ದರೆ ಇಷ್ಟಾಗುವುದಿಲ್ಲ, ಇದು ಸರಾಸರಿ ಲೆಕ್ಕ. ಆದರೂ "ಕಂಪ್ಯೂಟರ್ ಯೋಚನೆ ಮಾಡ್ತಾ ಇದೆ" ಅಂತ ನೀವು ಹೇಳುತ್ತೀರಲ್ಲ, ಆಗ ಬಹಳ ಸಲ ಅದು ಯೋಚನೆ ಮಾಡುತ್ತಿರುವುದಿಲ್ಲ. ನಡೆಯುತ್ತಿರುತ್ತದೆ. ಕಿವಿಗೊಟ್ಟು ಕೇಳಿದರೆ ಕರ ಕರ ಸದ್ದು ಬರುತ್ತದೆ. ಅದು ಹೆಡ್ ಓಡಾಡುವ ಸದ್ದು. ಹಳೇ ಲ್ಯಾಪ್‌ಟಾಪ್‌ಗಳ ಡಿಸ್ಕ್ ಹೆಚ್ಚಾಗಿ 5400 ಸುತ್ತಿನದು. ಅಲ್ಲಿ ಕಾಯುವುದು ಇನ್ನೂ ಜಾಸ್ತಿ.

ಈ ಓಡಾಟ ಇವತ್ತಿನದಲ್ಲ. ಮೊದಲ ಹಾರ್ಡ್ ಡಿಸ್ಕ್ ಬಂದದ್ದು 1956ರಲ್ಲಿ. ಐಬಿಎಂನವರ ರಾಮ್ಯಾಕ್ ಅನ್ನುವ ಯಂತ್ರದ ಜೊತೆಗೆ ಬಂತು. ಎರಡು ಅಡಿ ಅಗಲದ 50 ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದ್ದರು. ಅಷ್ಟು ದೊಡ್ಡ ಯಂತ್ರದಲ್ಲಿ ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ. ಇವತ್ತು ನಿಮ್ಮ ಫೋನ್‌ನಲ್ಲಿ ತೆಗೆದ ಒಂದೇ ಫೋಟೊ ಅಷ್ಟಿರುತ್ತದೆ. ತಟ್ಟೆ 50 ಇದ್ದರೂ ಓದುವ ತೋಳು ಒಂದೇ. ಅದು ತಟ್ಟೆಯಿಂದ ತಟ್ಟೆಗೆ ಹತ್ತಿ ಇಳಿದು ಹೋಗಬೇಕಿತ್ತು. ಬೇಕಾದ ಜಾಗ ಮುಟ್ಟಲು ಸರಾಸರಿ 600 ಮಿಲಿಸೆಕೆಂಡ್ ಹಿಡಿಯುತ್ತಿತ್ತು. ಅವತ್ತು 600, ಇವತ್ತು 13. ಡಿಸ್ಕ್‌ನಲ್ಲಿ ಹಿಡಿಸುವ ಜಾಗ ಮಾತ್ರ ಲಕ್ಷಾಂತರ ಪಟ್ಟು ಬೆಳೆದಿದೆ. ಒಂದು ವಸ್ತು ಅತ್ತಿಂದಿತ್ತ ಹೋಗಿ ಸರಿಯಾದ ಜಾಗದಲ್ಲಿ ನಿಲ್ಲಬೇಕು ಅಂದರೆ, ಎಂಥ ಎಂಜಿನಿಯರ್ ಬಂದರೂ ಒಂದು ಮಟ್ಟಕ್ಕಿಂತ ಆಚೆ ವೇಗ ಸಿಗಲಿಲ್ಲ.

ವಿಂಡೋಸ್ 98 ಬಳಸಿದವರು ಇಲ್ಲಿದ್ದೀರಾ? ಕೈ ಎತ್ತಿ. ನಿಮಗೆ ಆ ಬಣ್ಣದ ಚೌಕಗಳು ನೆನಪಿರಬೇಕು. ಡಿಫ್ರಾಗ್ ಹಾಕಿದರೆ ಪರದೆ ತುಂಬ ಪುಟ್ಟ ಪುಟ್ಟ ಚೌಕಗಳು ಒಂದೊಂದಾಗಿ ಸರಿದು ಸಾಲಾಗುತ್ತಿದ್ದವು. ನಾನು ಕೆಲಸ ಕಲಿಯುತ್ತಿದ್ದ ಅಂಗಡಿಯಲ್ಲಿ ಅದನ್ನು ನೋಡುತ್ತ ಕೂತುಬಿಡುತ್ತಿದ್ದೆ. ರಂಗೋಲಿ ಹಾಕುವುದನ್ನು ನೋಡಿದ ಹಾಗೆ ಇರುತ್ತಿತ್ತು. ಮಧ್ಯದಲ್ಲಿ ಸ್ಕ್ರೀನ್‌ಸೇವರ್ ಬಂದು ಡಿಸ್ಕ್ ಮೇಲೆ ಏನಾದರೂ ಬರೆದರೆ ಮುಗಿಯಿತು, ಮತ್ತೆ ಮೊದಲಿಂದ ಶುರು. ಆ ಚೌಕಗಳನ್ನು ನೋಡಿಯೇ ಡಿಸ್ಕ್ ಅಂದರೆ ಏನು ಅಂತ ನನಗೆ ಅರ್ಥವಾದದ್ದು. ಆಮೇಲೆ ಬಂದ ವಿಂಡೋಸ್ ವಿಸ್ಟಾದಲ್ಲಿ ಆ ಚಿತ್ರ ತೆಗೆದುಬಿಟ್ಟರು. ವಾರಕ್ಕೊಮ್ಮೆ, ಬುಧವಾರ ರಾತ್ರಿ 1 ಗಂಟೆಗೆ ತಾನಾಗಿಯೇ ಓಡುವ ಹಾಗೆ ಮಾಡಿದರು. ಒಳ್ಳೆಯದೇ. ಆದರೆ ನಮ್ಮಲ್ಲಿ ಅಂಗಡಿ ಮುಚ್ಚುವಾಗ ಮೇನ್ ಸ್ವಿಚ್ಚೇ ಆಫ್ ಮಾಡುತ್ತೇವೆ. ರಾತ್ರಿ 1 ಗಂಟೆಗೆ ಎದ್ದಿರುವ ಕಂಪ್ಯೂಟರ್ ಯಾವುದು? ಈಗಿನ ವಿಂಡೋಸ್ ಕೂಡ ಈ ಕೆಲಸಕ್ಕೆ ಯಂತ್ರ ಸುಮ್ಮನೆ ಕೂತಿರುವ ಹೊತ್ತನ್ನೇ ಕಾಯುತ್ತದೆ. ಬೆಳಿಗ್ಗೆ ಆನ್ ಮಾಡಿದ ತಕ್ಷಣ ಕೆಲಸ, ಸಂಜೆ ಕೆಲಸ ಮುಗಿದ ತಕ್ಷಣ ಆಫ್. ಹಾಗಾಗಿ ಎಷ್ಟೋ ಯಂತ್ರಗಳಲ್ಲಿ ಅದಕ್ಕೆ ಸರಿಯಾಗಿ ಸಮಯ ಸಿಕ್ಕಿರುವುದೇ ಇಲ್ಲ.

ಮಾಡುವುದು ಹೇಗೆ? ಹಣ ಕೊಟ್ಟು ಯಾವ ಸಾಫ್ಟ್‌ವೇರ್ ಕೂಡ ತರಬೇಡಿ. ಸ್ಟಾರ್ಟ್ ಒತ್ತಿ ಡಿಫ್ರಾಗ್ ಅಂತ ಟೈಪ್ ಮಾಡಿ. "ಡಿಫ್ರಾಗ್ಮೆಂಟ್ ಅಂಡ್ ಆಪ್ಟಿಮೈಸ್ ಡ್ರೈವ್ಸ್" ಅಂತ ಬರುತ್ತದೆ. ತೆರೆದರೆ ನಿಮ್ಮ ಸಿ, ಡಿ ಡ್ರೈವ್‌ಗಳ ಪಟ್ಟಿ ಕಾಣುತ್ತದೆ. ಅದರಲ್ಲಿ ಮೀಡಿಯಾ ಟೈಪ್ ಅನ್ನುವ ಕಾಲಂ ನೋಡಿ. ನಾನು ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಹಾರ್ಡ್ ಡಿಸ್ಕ್ ಡ್ರೈವ್ ಅಂತಲೋ ಸಾಲಿಡ್ ಸ್ಟೇಟ್ ಡ್ರೈವ್ ಅಂತಲೋ ಬರೆದಿರುತ್ತದೆ. ಹಾರ್ಡ್ ಡಿಸ್ಕ್ ಆಗಿದ್ದರೆ ಅನಲೈಸ್ ಒತ್ತಿ. ನೂರಕ್ಕೆ ಎಷ್ಟು ತುಂಡಾಗಿದೆ ಅಂತ ಹೇಳುತ್ತದೆ. ನೂರಕ್ಕೆ ಹತ್ತು ದಾಟಿದ್ದರೆ ಆಪ್ಟಿಮೈಸ್ ಒತ್ತಿ ಡಿಫ್ರಾಗ್ ಮಾಡಿ. ಎರಡೋ ಮೂರೋ ಇದ್ದರೆ ಬಿಟ್ಟುಬಿಡಿ.

ಸೊನ್ನೆ ಬರಲೇಬೇಕು ಅಂತ ಹಟ ಹಿಡಿಯುವವರನ್ನು ನೋಡಿದ್ದೇನೆ. ಬೇಕಾಗಿಲ್ಲ. ವಿಸ್ಟಾದಿಂದ ಈಚೆಗೆ, 64 ಮೆಗಾಬೈಟ್‌ಗಿಂತ ದೊಡ್ಡ ಚೂರುಗಳನ್ನು ವಿಂಡೋಸ್ ತುಂಡು ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಯಾಕೆ ಅಂತ ನಮ್ಮ ಬೋರ್ಡ್ ಲೆಕ್ಕದಲ್ಲೇ ನೋಡಿ. 64 ಮೆಗಾಬೈಟ್ ಓದಲು 640 ಮಿಲಿಸೆಕೆಂಡ್ ಬೇಕು. ಮುಂದಿನ ಚೂರಿಗೆ ಹಾರಲು 13. ನೂರಕ್ಕೆ ಎರಡು ಭಾಗ. ಹತ್ತು ಎಕರೆ ಉತ್ತು ಮುಂದಿನ ಹತ್ತು ಎಕರೆಗೆ ಹತ್ತು ಹೆಜ್ಜೆ ನಡೆದರೆ ಯಾರಿಗೆ ನಷ್ಟ?

ಡಿಫ್ರಾಗ್‌ಗೆ ಮೊದಲು ಜಾಗ ಖಾಲಿ ಮಾಡಿ. ಈ ಕ್ರಮ ತಪ್ಪಬಾರದು. ಗಾಡಿ ತಿರುಗಿಸಲು ಅಂಗಳ ಬೇಕಲ್ಲ, ಹಾಗೆ ಚೂರುಗಳನ್ನು ಎತ್ತಿಡಲು ಖಾಲಿ ಜಾಗ ಬೇಕು. ವಿಂಡೋಸ್ ಎಕ್ಸ್‌ಪಿಯ ಡಿಫ್ರಾಗ್ ನೂರಕ್ಕೆ 15 ಭಾಗ ಖಾಲಿ ಇರಬೇಕು ಅಂತಲೇ ಕೇಳುತ್ತಿತ್ತು. ಬೇಡದ್ದನ್ನು ತೆಗೆಯಿರಿ, ರಿಸೈಕಲ್ ಬಿನ್ ಖಾಲಿ ಮಾಡಿ, ಆಮೇಲೆ ಡಿಫ್ರಾಗ್ ಹಾಕಿ. ಮೊದಲು ಡಿಫ್ರಾಗ್ ಮಾಡಿ ಆಮೇಲೆ ಡಿಲೀಟ್ ಮಾಡಿದರೆ, ಆಗತಾನೇ ನೀಟಾಗಿ ಜೋಡಿಸಿದ್ದರಲ್ಲಿ ಮತ್ತೆ ತೂತು ಬೀಳುತ್ತದೆ.

ಇನ್ನೊಂದು ವಿಷಯ. ತಟ್ಟೆಯ ಹೊರ ಸುತ್ತು ದೊಡ್ಡದು, ಒಳ ಸುತ್ತು ಚಿಕ್ಕದು. ತಿರುಗುವ ವೇಗ ಎರಡಕ್ಕೂ ಒಂದೇ. ಹಾಗಾಗಿ ಹೊರ ಸುತ್ತಿನಲ್ಲಿ ಒಂದು ತಿರುಗಿಗೆ ಜಾಸ್ತಿ ಮಾಹಿತಿ ಸಿಗುತ್ತದೆ, ಒಳಗಿನದಕ್ಕೆ ಹೋಲಿಸಿದರೆ ಎರಡು ಪಟ್ಟಿನ ಹತ್ತಿರ. ಅದಕ್ಕೇ ದಿನಾ ಬೇಕಾಗುವ ಫೈಲ್‌ಗಳು ಹೊರಗಡೆ ಇದ್ದರೆ ಒಳ್ಳೆಯದು. ಆನ್ ಆಗುವಾಗ ಬೇಕಾಗುವ ಫೈಲ್‌ಗಳ ಪಟ್ಟಿ ಇಟ್ಟುಕೊಂಡು ಅವನ್ನು ಅಕ್ಕಪಕ್ಕ ಜೋಡಿಸುವ ಏರ್ಪಾಡು 2001ರ ಎಕ್ಸ್‌ಪಿಯಲ್ಲೇ ಇತ್ತು. ತರಕಾರಿ ಮಡಿ ಮನೆ ಹಿತ್ತಲಲ್ಲೇ ಇರಬೇಕು, ವರ್ಷಕ್ಕೊಮ್ಮೆ ನೋಡುವ ಮಾವಿನ ತೋಪು ದೂರ ಇದ್ದರೂ ನಡೆಯುತ್ತದೆ.

ಕರೆಂಟ್ ಹೋದರೆ ಏನು ಗತಿ ಅಂತ ಹಿಂದೆ ಕೂತವರು ಕೇಳಿದರು. ಡಿಫ್ರಾಗ್ ಒಂದು ಚೂರನ್ನು ಸರಿಸುವಾಗ ಮೊದಲು ಹೊಸ ಜಾಗಕ್ಕೆ ನಕಲು ಮಾಡುತ್ತದೆ. ನಕಲು ಮುಗಿದ ಮೇಲೆ ಪಹಣಿ ತಿದ್ದುತ್ತದೆ. ಆಮೇಲೆ ಹಳೇ ಜಾಗ ಬಿಡುತ್ತದೆ. ಎನ್‌ಟಿಎಫ್‌ಎಸ್ ತನ್ನ ತಿದ್ದುಪಡಿಗಳ ದಿನಚರಿಯನ್ನೂ ಇಟ್ಟುಕೊಳ್ಳುತ್ತದೆ. ಹಾಗಾಗಿ ವಿಂಡೋಸ್ 98ರ ಕಾಲದಷ್ಟು ಹೆದರಬೇಕಾಗಿಲ್ಲ. ಆದರೂ ಯುಪಿಎಸ್ ಇಲ್ಲದೆ ಮಾಡಬೇಡಿ.

ನಾನು ಹೆದರುವುದು ಬೇರೆ ವಿಷಯಕ್ಕೆ. ಇದನ್ನು ಹೇಳಲೇಬೇಕು. ಬಹಳ ವರ್ಷದ ಹಿಂದೆ ಫೋಟೊ ಸ್ಟುಡಿಯೊ ಇಟ್ಟಿದ್ದ ಗೆಳೆಯನೊಬ್ಬ ತನ್ನ ಕಂಪ್ಯೂಟರ್ ತಂದುಕೊಟ್ಟ. ಸ್ಲೋ ಆಗಿದೆ, ನೋಡು ಅಂದ. ಡಿಸ್ಕ್ ತುಂಬ ತುಂಡಾಗಿತ್ತು. ನಡುನಡುವೆ ಟಿಕ್ ಟಿಕ್ ಅಂತ ಸದ್ದೂ ಬರುತ್ತಿತ್ತು. ನಾನು ಅದನ್ನು ಓಡಾಟದ ಸದ್ದು ಅಂತ ತಿಳಿದೆ. ರಾತ್ರಿ ಡಿಫ್ರಾಗ್ ಹಾಕಿ ಮನೆಗೆ ಹೋದೆ. ಬೆಳಿಗ್ಗೆ ಬಂದು ನೋಡಿದರೆ ಡಿಸ್ಕ್ ಕಾಣಿಸುತ್ತಲೇ ಇಲ್ಲ. ಆ ಡಿಸ್ಕ್ ಆಗಲೇ ಸಾಯುತ್ತಿತ್ತು. ಡಿಫ್ರಾಗ್ ಅಂದರೆ ಗಂಟೆಗಟ್ಟಲೆ ಬಿಡುವಿಲ್ಲದೆ ಓದುವುದು, ಬರೆಯುವುದು. ಜ್ವರ ಬಂದವನ ಕೈಯಲ್ಲಿ ಇಡೀ ರಾತ್ರಿ ಮೂಟೆ ಹೊರಿಸಿದ ಹಾಗಾಯಿತು. ಅದರಲ್ಲಿದ್ದ ಒಂದು ಮದುವೆಯ ಫೋಟೊಗಳ ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ. ಅವು ಮತ್ತೆ ಸಿಗಲಿಲ್ಲ. ಆ ಮನೆಯವರ ಮುಂದೆ ಹೋಗಿ ನಿಂತ ದಿನ ನನಗೆ ಇನ್ನೂ ನೆನಪಿದೆ.

ಅದಕ್ಕೇ ಕೇಳಿಕೊಳ್ಳುತ್ತೇನೆ. ಮೊದಲು ಮುಖ್ಯವಾದದ್ದನ್ನು ಬೇರೆ ಡಿಸ್ಕ್‌ಗೆ ನಕಲು ಮಾಡಿ. ಆಮೇಲೆ ಡಿಸ್ಕ್ ಆರೋಗ್ಯ ನೋಡಿ. ಪ್ರತಿ ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದುಕೊಂಡಿರುತ್ತದೆ. ಅದಕ್ಕೆ ಸ್ಮಾರ್ಟ್ ಅಂತ ಹೆಸರು. ಕ್ರಿಸ್ಟಲ್ ಡಿಸ್ಕ್ ಇನ್ಫೊ ಅನ್ನುವ ಉಚಿತ ತಂತ್ರಾಂಶ ಅದನ್ನು ಓದಿ ಗುಡ್, ಕಾಶನ್, ಬ್ಯಾಡ್ ಅಂತ ತೋರಿಸುತ್ತದೆ. ರೀಅಲೊಕೇಟೆಡ್ ಸೆಕ್ಟರ್, ಪೆಂಡಿಂಗ್ ಸೆಕ್ಟರ್ ಅನ್ನುವ ಎರಡು ಸಾಲು ನೋಡಿ. ಅಲ್ಲಿ ಎಣಿಕೆ ಏರುತ್ತಿದ್ದರೆ ಡಿಫ್ರಾಗ್ ಮುಟ್ಟಲೇಬೇಡಿ. ಡಿಸ್ಕ್ ಬದಲಾಯಿಸಿ.

ಇನ್ನು ಎಸ್‌ಎಸ್‌ಡಿ. ಇಲ್ಲಿ ತಟ್ಟೆ ಇಲ್ಲ, ತೋಳಿಲ್ಲ, ನಡೆಯುವ ಎತ್ತು ಇಲ್ಲ. ಇರುವುದು ಫ್ಲ್ಯಾಶ್ ಚಿಪ್. ನಿಮ್ಮ ಪೆನ್ ಡ್ರೈವ್, ಫೋನ್ ಎಲ್ಲದರಲ್ಲೂ ಇರುವುದು ಇದೇ ಜಾತಿ. ಇದರ ಮೂಲ ಜಪಾನಿನ ತೊಶಿಬಾ ಕಂಪನಿ. ಅಲ್ಲಿ ಕೆಲಸ ಮಾಡುತ್ತಿದ್ದ ಫುಜಿಯೊ ಮಸುವೊಕಾ 1980ರ ದಶಕದಲ್ಲಿ ಇದನ್ನು ಕಂಡುಹಿಡಿದರು. ಯಾವ ಮೂಲೆಯಲ್ಲಿರುವ ಚೂರಾದರೂ ಸಿಗಲು ಒಂದೇ ಹೊತ್ತು, ಸುಮಾರು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗ ಅಥವಾ ಅದಕ್ಕೂ ಕಮ್ಮಿ. ನಡೆದು ಹೋಗುವ ಬದಲು ಪ್ರತಿ ಹೊಲಕ್ಕೂ ಫೋನ್ ಮಾಡಿದ ಹಾಗೆ. ಕೆರೆ ಕೆಳಗಿನ ಹೊಲಕ್ಕೂ ಊರಾಚೆಯ ಹೊಲಕ್ಕೂ ಫೋನ್ ಹೋಗಲು ಒಂದೇ ಹೊತ್ತಲ್ವಾ? ಹಾಗಿರುವಾಗ ಹೊಲ ಒಟ್ಟುಗೂಡಿಸಿ ಏನು ಸಿಗುತ್ತದೆ?

ಸಿಗುವುದಿಲ್ಲ ಅನ್ನುವುದಷ್ಟೇ ಅಲ್ಲ, ಸವೆಯುತ್ತದೆ. ಮೇಷ್ಟ್ರುಗಳಿಗೆ ಇದು ಬೇಗ ಅರ್ಥವಾಗುತ್ತದೆ. ಒಂದು ಕರಿಹಲಗೆ ಇದೆ. ಸಾಲು ಸಾಲಾಗಿ ಬರೆಯಬಹುದು. ಆದರೆ ಒಂದೇ ಸಾಲು ಅಳಿಸುವ ಹಾಗಿಲ್ಲ, ಅಳಿಸಿದರೆ ಇಡೀ ಹಲಗೆ ಅಳಿಸಬೇಕು. ಉಳಿಸಬೇಕಾದ ಸಾಲುಗಳಿದ್ದರೆ ಅವನ್ನು ಮೊದಲು ಬೇರೆ ಹಲಗೆಗೆ ಬರೆದುಕೊಳ್ಳಬೇಕು. ಫ್ಲ್ಯಾಶ್ ಕೆಲಸ ಮಾಡುವುದೇ ಹೀಗೆ. ಮೇಲಾಗಿ ಪ್ರತಿ ಹಲಗೆಯನ್ನೂ ಇಷ್ಟೇ ಸಲ ಅಳಿಸಬಹುದು ಅಂತ ಮಿತಿ ಇದೆ. ಡಿಫ್ರಾಗ್ ಅಂದರೆ ಸುಮ್ನೆ ಅಲ್ಲಿಂದಿಲ್ಲಿಗೆ ಬರೆದು ಅಳಿಸುವುದು. ಆ ಮಿತಿಯನ್ನು ನಾವೇ ಕೈಯಾರೆ ಖರ್ಚು ಮಾಡಿದ ಹಾಗೆ.

ಇದರ ಮೇಲೆ ಇನ್ನೊಂದು ಸಂಗತಿ ಇದೆ. ಎಸ್‌ಎಸ್‌ಡಿ ತನ್ನದೇ ಪಹಣಿ ಇಟ್ಟುಕೊಂಡಿರುತ್ತದೆ. ಎಲ್ಲ ಹಲಗೆಗಳೂ ಸಮನಾಗಿ ಸವೆಯಲಿ ಅಂತ ಅದು ಬರೆಯುವ ಜಾಗವನ್ನು ಒಳಗೊಳಗೇ ಬದಲಾಯಿಸುತ್ತಿರುತ್ತದೆ. ವಿಂಡೋಸ್‌ಗೆ ಸಾಲಾಗಿ ಕಾಣುವುದು ಒಳಗೆ ಸಾಲಾಗಿರುವುದೇ ಇಲ್ಲ. ನೀವು ಜೋಡಿಸಿದೆವು ಅಂದುಕೊಂಡದ್ದು ಕಾಗದದ ಮೇಲಿನ ಜೋಡಣೆ ಮಾತ್ರ.

ಎಸ್‌ಎಸ್‌ಡಿಗೆ ನಿಜವಾಗಿ ಬೇಕಾದದ್ದು ಟ್ರಿಮ್. ಹಾರ್ಡ್ ಡಿಸ್ಕ್‌ನಲ್ಲಿ ನೀವು ಫೈಲ್ ಡಿಲೀಟ್ ಮಾಡಿದರೆ ಪಹಣಿಯಲ್ಲಿ ಹೆಸರು ಹೊಡೆದುಹಾಕುತ್ತಾರೆ ಅಷ್ಟೇ. ಬೆಳೆ ಹೊಲದಲ್ಲೇ ನಿಂತಿರುತ್ತದೆ. ಅದಕ್ಕೇ ರಿಕವರಿ ಮಾಡುವವರು ಹಳೇ ಫೋಟೊಗಳನ್ನು ತೆಗೆದುಕೊಡುತ್ತಾರೆ. ಎಸ್‌ಎಸ್‌ಡಿಗೆ ಇದು ತೊಂದರೆ. ಯಾವ ಸಾಲು ಬೇಡ ಅಂತ ಗೊತ್ತಿಲ್ಲದೆ ಅದು ಬೇಡದ್ದನ್ನೂ ಹಲಗೆಯಿಂದ ಹಲಗೆಗೆ ಹೊತ್ತುಕೊಂಡು ತಿರುಗುತ್ತದೆ. "ಈ ಈ ಜಾಗ ಈಗ ಯಾರದ್ದೂ ಅಲ್ಲ" ಅಂತ ವಿಂಡೋಸ್ ಅದಕ್ಕೆ ತಿಳಿಸುವುದೇ ಟ್ರಿಮ್. 2009ರ ವಿಂಡೋಸ್ 7ರಿಂದ ಇದು ಇದೆ. ಸ್ಟುಡಿಯೊದವರು ಇದರ ಇನ್ನೊಂದು ಮುಖವನ್ನು ಗಮನಿಸಿ. ಟ್ರಿಮ್ ಆದ ಮೇಲೆ, ಡಿಲೀಟ್ ಆದ ಫೋಟೊ ಹಾರ್ಡ್ ಡಿಸ್ಕ್‌ನಲ್ಲಿ ಸಿಕ್ಕ ಹಾಗೆ ಸಿಗುವುದಿಲ್ಲ. ಎಸ್‌ಎಸ್‌ಡಿ ಹಾಕಿಸಿಕೊಂಡವರಿಗೆ ಇನ್ನೊಂದು ಪ್ರತಿ ಮೊದಲಿಗಿಂತ ಜಾಸ್ತಿ ಮುಖ್ಯ.

ಲಿನಕ್ಸ್ ಬಗ್ಗೆ ಮೇಷ್ಟ್ರೊಬ್ಬರು ಕೇಳಿದರು. ಎನ್‌ಟಿಎಫ್‌ಎಸ್ ಥರದ ಫೈಲ್ ವ್ಯವಸ್ಥೆಗಳಲ್ಲಿ ಅಲ್ಲಿ ಈಗ ಜಾಸ್ತಿ ಬಳಸುವುದು ಎಕ್ಸ್‌ಟಿ4. ಅದು ಫೈಲ್‌ಗಳ ನಡುವೆ ಬೆಳೆಯಲು ಜಾಗ ಬಿಟ್ಟು ಕೂರಿಸುತ್ತದೆ. ಬರೆಯುವುದನ್ನೂ ಸ್ವಲ್ಪ ತಡೆದು, ಒಟ್ಟು ಎಷ್ಟು ಬೇಕು ಅಂತ ನೋಡಿಕೊಂಡು ಜಾಗ ಕೊಡುತ್ತದೆ. ತೀರಾ ತುಂಬಿ ತುಳುಕುವ ತನಕ ನೀವು ಏನೂ ಮಾಡಬೇಕಾಗಿಲ್ಲ. ಫೋನ್‌ಗೆ ಡಿಫ್ರಾಗ್ ಮಾಡುತ್ತೇವೆ ಅನ್ನುವ ಆ್ಯಪ್‌ಗಳನ್ನು ಹಾಕಿಕೊಳ್ಳಬೇಡಿ. ಪೆನ್ ಡ್ರೈವ್‌ಗೂ ಬೇಡ.

ಕೊನೆಯ ಪ್ರಶ್ನೆ, ಮುಂದಿನ ಸಾಲಿನ ಅಕ್ಕ ಕೇಳಿದ್ದು. ಅವರ ಡಿಟಿಪಿ ಅಂಗಡಿಯ ಹಳೇ ಕಂಪ್ಯೂಟರ್‌ಗೆ ಡಿಫ್ರಾಗ್ ಮಾಡಿಸುತ್ತಲೇ ಇರಬೇಕೋ, ಎಸ್‌ಎಸ್‌ಡಿ ಹಾಕಿಸಬೇಕೋ? ಅಕ್ಕ, ಎಸ್‌ಎಸ್‌ಡಿ ಹಾಕಿಸಿ. ಹಳೇ ಯಂತ್ರಕ್ಕೆ ಇದಕ್ಕಿಂತ ಒಳ್ಳೆಯ ಖರ್ಚು ನನಗೆ ಗೊತ್ತಿಲ್ಲ. ವಿಂಡೋಸ್, ಕನ್ನಡ ಟೈಪಿಂಗಿನ ನುಡಿ, ಪುಟ ಜೋಡಿಸುವ ಪೇಜ್‌ಮೇಕರ್ ಎಲ್ಲ ಸಿ ಡ್ರೈವ್‌ನಲ್ಲಿ, ಅಂದರೆ ಎಸ್‌ಎಸ್‌ಡಿಯಲ್ಲಿ ಇರಲಿ. ಹಳೇ ಡಿಸ್ಕ್‌ನ ಆರೋಗ್ಯ ಚೆನ್ನಾಗಿದ್ದರೆ ಎಸೆಯಬೇಡಿ, ಡಿ ಡ್ರೈವ್ ಮಾಡಿಕೊಂಡು ಹಳೇ ಕೆಲಸಗಳನ್ನೆಲ್ಲ ಅದರಲ್ಲಿಡಿ. ಆಮೇಲೆ ನಾನು ಹೇಳಿದ ಆ ಡಿಫ್ರಾಗ್ ಕಿಟಕಿ ತೆರೆದು ನೋಡಿ. ಎರಡು ಡ್ರೈವ್‌ಗೂ ಆಪ್ಟಿಮೈಸ್ ಅನ್ನುವ ಬಟನ್ ಒಂದೇ. ಸಿ ಆರಿಸಿ ಒತ್ತಿದರೆ ಟ್ರಿಮ್ ಹೋಗುತ್ತದೆ, ಸ್ವಲ್ಪ ಹೊತ್ತಿನಲ್ಲೇ ಮುಗಿಯುತ್ತದೆ. ಡಿ ಆರಿಸಿ ಒತ್ತಿದರೆ ಆ ಹಳೇ ಕರ ಕರ ಸದ್ದು ಶುರುವಾಗುತ್ತದೆ. ಒಂದು ಭಾನುವಾರ ಬೆಳಿಗ್ಗೆ ಹಾಕಿ, ಮೇನ್ ಸ್ವಿಚ್ ಮುಟ್ಟದೆ ಊಟಕ್ಕೆ ಹೋಗಿ ಬನ್ನಿ.